ಮುಚ್ಚಳದೊಳಗಿನ ರೇಷ್ಮೆಗೂಡು

ಮೊನ್ನೆ ಮೊಮ್ಮಗಳು ನಮ್ಮಪ್ಪನ ಕೈಗಡಿಯಾರದ ಹಿಂದಿನ ಮುಚ್ಚಳ ತೆಗೆದಾಗ ಪೆಟ್ರೋಲಿನ ವಾಸನೆ ಬಂದಂತಾಯಿತು. ಐವತ್ತು ವರ್ಷದ ಮೇಲೆ ಪೆಟ್ರೋಲೆಲ್ಲಿ ಉಳಿದಿರುತ್ತದೆ... ನನ್ನ ಇಮ್ಯಾಜಿನೇಷನ್ನೇ ಇರಬೇಕು. ಆದರೂ ಚಿಕ್ಕಬಳ್ಳಾಪುರದ ಮನೆಯಲ್ಲಿ ಕೂತವಳು ಕೂತಲ್ಲೇ ಶಿಡ್ಲಘಟ್ಟಕ್ಕೆ ಹೋಗಿಬಿಟ್ಟೆ.

ಅಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿನ ದಾರಿಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಅದರ ಮೇಲೆ ವಾಚ್ ತಾತ. ಅವರ ಎರಡೂ ಕಣ್ಣನ್ನು ಒಟ್ಟಿಗೆ ಕಂಡವರೇ ಕಡಿಮೆ. ಒಂದರಲ್ಲಿ ಸದಾ ಕಪ್ಪು ಭೂತಗನ್ನಡಿ.

ಅಪ್ಪನ ವಾಚು ಸ್ವಿಸ್ಸೇನೋ ಹೌದು, ಆದರೆ ವೆರಿ ಪಿಕ್ಯೂಲಿಯರ್. ಕೀ ಕೊಡುವ ತಿರುಪು ಎಡಕ್ಕಿತ್ತು. ಸೆಕೆಂಡಿನ ಪುಟ್ಟ ವೃತ್ತ ಆರರ ಮೇಲಿರದೆ ಹನ್ನೆರಡರ ಕೆಳಗಿತ್ತು. ಅಪ್ಪ ಇದ್ದಷ್ಟು ದಿನವೂ ನೆಂಟರು ನಕ್ಕರು. ಅಪ್ಪ ಹೋದ ಮೇಲೆ, ವೈಕುಂಠ ಸಮಾರಾಧನೆಯ ಎಲೆಯ ಮುಂದೆ ಕೂತೇ ದೊಡ್ಡಪ್ಪ, "ಮದ್ರಾಸಲ್ಲಿ ಯಾವನೋ ಗುಜರಿಯವನು ಉಲ್ಟಾ ಜೋಡಿಸಿ ಕೊಟ್ಟ, ಇವನು ಹಲ್ಕಿರಿದು ತಂದ" ಎಂದರು. ಒಳಮನೆಯಲ್ಲಿದ್ದ ಅಮ್ಮನಿಗೂ ಕೇಳಿಸಿತು. ನಾನು ಆಗಷ್ಟೇ ಕಾನ್ವೆಂಟ್ ಮುಗಿಸಿದ್ದೆ. ಸಿಸ್ಟರ್‌ಗಳ ಮುಂದೆ ಡಿಬೇಟ್ ಗೆದ್ದವಳ ಹತ್ತಿರ ದೊಡ್ಡಪ್ಪನ ಮುಂದಿಡಲು ಒಂದೇ ಒಂದು ಪ್ರೂಫ್ ಇರಲಿಲ್ಲ. ನಮ್ಮಪ್ಪ ಮೋಸ ಹೋದ ಪೆದ್ದನೇ? ನನಗೆ ಅಷ್ಟು ಗೊತ್ತಾಗಬೇಕಿತ್ತು.

ವಾಚನ್ನು ಒಯ್ದು ತಾತನ ಮುಂದಿಟ್ಟೆ. ಅವರು ಮುಚ್ಚಳ ಬಿಚ್ಚಿ ಭೂತಗನ್ನಡಿಯ ಹತ್ತಿರ ಹಿಡಿದರು.

"ಯಾರಮ್ಮಾ ಇದನ್ನ ಡೂಪ್ಲಿಕೇಟ್ ಅಂದಿದ್ದು?"

"ದೊಡ್ಡಪ್ಪ."

"ಅವ್ರು ವಾಚ್ ಕಟ್ತಾರಾ?"

"ಇಲ್ಲ."

"ಅದಕ್ಕೇ!"

ಭೂತಗನ್ನಡಿಯನ್ನು ನನ್ನ ಕಣ್ಣಿಗೇ ಸಿಕ್ಕಿಸಿದರು. "ನೋಡು ತಲ್ಲೀ, ಮುಚ್ಚಳದಾಗಿರೋ ನಂಬರೇ ಕೇಸಿನ ಅಂಚಲ್ಲೂ ಐತೆ. ಬೇರೆ ಬೇರೆ ವಾಚಿಂದ ತಂದು ಜೋಡಿಸಿದ್ರೆ ಒಂದೇ ನಂಬರು ಬರ್ತದಾ? ಮಿಷನ್ ತಿರುಗ್ಸಿ ಕೂರಿಸವ್ರೆ, ನಿಜ. ಆದ್ರೆ ಅದಕ್ಕೆ ಸರಿಯಾಗಿ ಡಯಲ್ಲೂ ಬೇರೇನೇ ಪ್ರಿಂಟ್ ಮಾಡವ್ರೆ. ಸ್ವಿಸ್ ಅನ್ನೋ ಅಕ್ಷರ ಕೆಳಗಡೆ ನೆಟ್ಟಗೆ ಐತೆ. ಇದು ಗುಜರಿ ಕೆಲ್ಸ ಅಲ್ಲ, ಕಂಪ್ನೀದು." ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮಪ್ಪ ಎಡಚ್ರಾ?"

ನಾನು ಬೆಚ್ಚಿದೆ. ಅಜ್ಜಿಯ ಏಟಿಗೆ ಹೆದರಿ ಅಪ್ಪ ಊಟಕ್ಕೂ ಬರವಣಿಗೆಗೂ ಬಲಗೈ ಕಲಿತಿದ್ದರು. ಆದರೆ ಗಡ್ಡ ಹೆರೆಯುವಾಗ, ನನ್ನ ಪೆನ್ಸಿಲ್ ಚೂಪು ಮಾಡುವಾಗ ಎಡಗೈ... ವಾಚು ಕಟ್ಟುತ್ತಿದ್ದದ್ದು ಬಲಗೈಗೆ.

"ಎಡಚ್ರಿಗೇ ಮಾಡಿರೋದಮ್ಮಾ ಇದು. ಬಲಗೈಗೆ ಕಟ್ಕೊಂಡು ಎಡಗೈಲಿ ಕೀ ಕೊಡೋಕೆ. ನಿಮ್ಮಪ್ಪ ಮೋಸ ಹೋಗ್ಲಿಲ್ಲ, ಹುಡುಕ್ಕೊಂಡ್ ಹೋಗಿ ತಂದವ್ರೆ."

ಪೆಟ್ರೋಲಿನಲ್ಲಿ ತೊಳೆದು ಎಣ್ಣೆ ಬಿಟ್ಟು, ಕೊನೆಗೆ ಸೂಜಿಯಿಂದ ಮುಚ್ಚಳದೊಳಗೆ ಒಂದು ಪುಟ್ಟ ರೇಷ್ಮೆಗೂಡು ಕೆತ್ತಿದರು. ಅದಕ್ಕೊಂದು ನೂಲೆಳೆಯ ಬಾಲ. ತಾವು ರಿಪೇರಿ ಮಾಡಿದ ವಾಚು ಮತ್ತೆ ಬಂದರೆ ಗುರುತಿಗೆ ಇರಲಿ ಎಂದು ಪ್ರತಿಯೊಂದಕ್ಕೂ ಹಾಗೆ ಗೀರುತ್ತಿದ್ದರಂತೆ. ನಮ್ಮದು ಮತ್ತೆ ಕೆಡಲೇ ಇಲ್ಲ. ನಾನೂ ಮತ್ತೆ ಹೋಗಲಿಲ್ಲ.

ದೊಡ್ಡಪ್ಪ ಎಲ್ಲ ಕೇಳಿ, "ಹಂಗೋ" ಎಂದು ಮಜ್ಜಿಗೆ ಹಾಕಿಸಿಕೊಂಡರು. ಅಮ್ಮ ಮಾತ್ರ ಮರುದಿನದಿಂದ ಸ್ನಾನವಾದ ಕೂಡಲೇ ವಾಚಿಗೆ ಕೀ ಕೊಡತೊಡಗಿದಳು, ಕೊನೆಯವರೆಗೂ.

ಈಗ ಮೊಮ್ಮಗಳು ಅದರ ಫೋಟೋಗಳನ್ನು ಹಳೆಯ ವಾಚ್ ಪ್ರಿಯರ ಗ್ರೂಪಿಗೆ ಹಾಕಿದ್ದಾಳೆ. ಒಂದು ಗಂಟೆಯೊಳಗೆ ಫ್ಯಾಕ್ಟರಿ ಯಾವುದು, ಮಿಷನ್ ಯಾವುದು, ಎಲ್ಲ ಹೇಳಿದರು. ಎಡಚರದೇ, ಅಪರೂಪದ್ದು ಎಂದರು. ಒಂದು ಗುರುತು ಮಾತ್ರ ಯಾರಿಗೂ ತಿಳಿಯಲಿಲ್ಲ. ಒಬ್ಬರು ಗೊದಮೊಟ್ಟೆ ಎಂದರು. ಇನ್ನೊಬ್ಬರು ಜಿನೀವಾದ ಯಾವನೋ ಕುಶಲಕರ್ಮಿಯ ಮುದ್ರೆ ಎಂದರು. ನನಗೆ ನಗು ತಡೆಯಲಾಗಲಿಲ್ಲ.

"ಶಿಡ್ಲಘಟ್ಟದ ವಾಚ್ ರಿಪೇರಿಯವರದು ಅಂತ ಬರಿಯೇ."

"ಹೆಸರು ಕೇಳ್ತಿದಾರೆ ಅಜ್ಜಿ."

ಹೆಸರು... ನಾನು ಕೇಳಲೇ ಇಲ್ಲ. ಆ ಜಾಗದಲ್ಲಿ ಈಗ ಮೊಬೈಲ್ ಕವರ್ ತೂಗುಹಾಕಿದ್ದಾರೆ. ವಿಚಾರಿಸೋಣವೆಂದರೆ ಅವರನ್ನು ಬಲ್ಲವರು ಒಬ್ಬರೂ ಉಳಿದಿಲ್ಲ.

"ವಾಚ್ ತಾತ ಅಂತಲೇ ಹಾಕು" ಎಂದೆ. ಮುಚ್ಚಳ ಒತ್ತಿ, ಅಪ್ಪ ಕೊಡುತ್ತಿದ್ದಂತೆ ಎಡಗೈಯಲ್ಲಿ ಕೀ ಕೊಟ್ಟೆ. ನಡೆಯುತ್ತಿದೆ.