ಏರ್ ಫಿಲ್ಟರಿಗೆ ಸುರಿದ ಕುಸುಬೆ ಎಣ್ಣೆ

ಅಣ್ಣನ ಹಳೆಯ ಜೀಪು ಕರಿಹೊಗೆ ಬಿಡುತ್ತ ಎರಡು ಪಟ್ಟು ಡೀಸೆಲ್ ಕುಡಿಯುತ್ತಿತ್ತು. ದಿನ ತುಂಬಿದ್ದ ಅವನ ಹೆಂಡತಿ, ನಮ್ಮ ವೈನಿಯನ್ನು ಹೆರಿಗೆಗೆ ನವಲಗುಂದಕ್ಕೆ ಅದರಲ್ಲೇ ಒಯ್ಯಬೇಕಿತ್ತು. ಅಣ್ಣ ಡೀಸೆಲ್ ಚಿಮ್ಮಿಸುವ ನಾಝಲ್ ತೊಳೆದ, ಪಂಪು ಬಿಚ್ಚಿದ, ಕಾರಣ ಸಿಗಲಿಲ್ಲ. ನನಗೆ ಗೊತ್ತಿತ್ತು. ಧೂಳು ಹಿಡಿಯಲು ಏರ್ ಫಿಲ್ಟರಿನ ಬಟ್ಟಲಿಗೆ ಹಾಕೆಂದು ಅಣ್ಣ ಕೊಟ್ಟಿದ್ದ ಇಂಜಿನ್ ಆಯಿಲ್ ಚೆಲ್ಲಿ, ಬೈಗುಳಕ್ಕೆ ಹೆದರಿ ಅಡುಗೆಯ ಕುಸುಬೆ ಎಣ್ಣೆ ಸುರಿದಿದ್ದೆ. ಡಬ್ಬಿಯ ಬಾಯಿಗೇ ಅಂಟಾಗಿ ಕಟ್ಟುವ ಎಣ್ಣೆ ಅದು; ಫಿಲ್ಟರಿನ ಜಾಲರಿಗೆ ಕಟ್ಟಿದರೆ ಇಂಜಿನ್ನಿಗೆ ಗಾಳಿ ಹೇಗೆ ಹೋದೀತು?

“ದಾರ್ಯಾಗ ನಿಂತ್ರ ಹ್ಯಾಂಗಲೇ?” ಎಂದ ಅಣ್ಣ.

“ನಿಲ್ಲಂಗಿಲ್ಲ ಬಿಡಣ್ಣಾ,” ಎಂದೆ.

ಮರುದಿನ ನವಲಗುಂದದ ದಾರಿಯ ದಿಬ್ಬದಲ್ಲಿ ಜೀಪು ನಿಂತಿತು. ಹಿಂದೆ ವೈನಿ ನರಳುತ್ತಿದ್ದಳು. ನಾನೇ ಇಳಿದು ಫಿಲ್ಟರ್ ಕಿತ್ತು ಬಿಸಾಡಿದೆ. ಜೀಪು ಹೊರಟಿತು, ಕೂಸು ಆಸ್ಪತ್ರೆಯಲ್ಲೇ ಹುಟ್ಟಿತು.

“ಫಿಲ್ಟರಿಂದ ಅಂತ ಮೊದಲ ಗೊತ್ತಿತ್ತೇನ್ಲೇ?” ಎಂದು ಅಣ್ಣ ಆಮೇಲೆ ಕೇಳಿದ.

“ಇಲ್ಲಣ್ಣಾ,” ಎಂದೆ. ಅವನು ನಂಬಿ ಬೆನ್ನು ತಟ್ಟಿದ.