ಮೇಲಿನಕ್ಕ ಮೊದಲು ತೊಳೆಯುವ ಶೀಟುಗಳು

ಬೆಳಗಿನ ಐದೂವರೆ. ಗೋದಾಮಿನ ಹೊರಗೋಡೆಗೆ ಅಂಟಿದ ಕಬ್ಬಿಣದ ಏಣಿಯ ಐವತ್ತೆರಡು ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಒಂದು ನಿಮಿಷ ಮಾತೇ ಹೊರಡುವುದಿಲ್ಲ. ಮೇಲಿನಕ್ಕನಿಗೆ ಮಾತ್ರ ಹೊರಡುತ್ತದೆ. ಸೊಂಟಕ್ಕೆ ಬೆಲ್ಟು ಬಿಗಿದು, ಅದರ ಹಗ್ಗದ ಕೊಕ್ಕೆಯನ್ನು ಛಾವಣಿಯುದ್ದಕ್ಕೂ ಎಳೆದಿರುವ ತಂತಿಗೆ ಸಿಕ್ಕಿಸುತ್ತಾರೆ. ಆಮೇಲೆ ಹಿಂದೆ ಬಂದ ಮೂವರು ಹೆಂಗಸರ ಬೆಲ್ಟನ್ನೂ ಒಂದೊಂದಾಗಿ ಜಗ್ಗಿ ನೋಡುತ್ತಾರೆ.

"ಮೆಲ್ಲಗೆ ಅಕ್ಕಾ, ನೀವು ಬಿಗಿದೂ ಬಿಗಿದೂ ನನ್ನ ಸೊಂಟ ಅರ್ಧ ಆಯ್ತು" ಎಂದು ಒಬ್ಬಾಕೆ ಗೊಣಗುತ್ತಾಳೆ.

"ಒಳ್ಳೇದೇ ಆಯ್ತು ಬಿಡೇ. ಮನೆಗೆ ಹೋದಾಗ ನಿನ್ನ ಗಂಡ ಗುರುತು ಹಿಡೀತಾನಾ ನೋಡು."

ಕಣ್ಣು ಹಾಯುವವರೆಗೆ ನೀಲಿ ಗಾಜು. ನಾಲ್ಕು ಸಾವಿರದ ಇನ್ನೂರು ಸೋಲಾರ್ ಪ್ಯಾನೆಲ್‌ಗಳು. ಕೆಳಗಿನ ಗೋದಾಮಿನ ದೀಪ, ಫ್ಯಾನು, ಸಾಮಾನು ಎತ್ತುವ ಯಂತ್ರ ಎಲ್ಲಕ್ಕೂ ಹಗಲಿನ ಕರೆಂಟು ಇಲ್ಲಿಂದಲೇ. ಧೂಳು ಕೂತರೆ ಕರೆಂಟು ಇಳಿಯುತ್ತದೆ. ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರಿಯುವ ಭಯ. ಹಾಗಾಗಿ ಎಂಟೂವರೆಯೊಳಗೆ ಏಳುನೂರು ಪ್ಯಾನೆಲ್ ತೊಳೆದು ಮುಗಿಸಬೇಕು. ಆರು ದಿನಕ್ಕೆ ಇಡೀ ಛಾವಣಿ ಒಂದು ಸುತ್ತು. ಏಳನೆಯ ದಿನ ರಜೆ, ಎಂಟನೆಯ ದಿನ ಮತ್ತೆ ಮೊದಲ ಸಾಲು.

ಆದರೆ ಉದ್ದ ಕೋಲಿನ ಬ್ರಷ್ಷು ಹಿಡಿದ ಮೇಲಿನಕ್ಕ ಮೊದಲು ಹೋಗುವುದು ಪ್ಯಾನೆಲ್ ಕಡೆಗಲ್ಲ. ತಗಡುಗಳ ಮಧ್ಯೆ ಅಲ್ಲಲ್ಲಿ ಕೂರಿಸಿರುವ ಹಾಲುಬಣ್ಣದ ಪ್ಲಾಸ್ಟಿಕ್ ಶೀಟುಗಳ ಕಡೆಗೆ. ಕೆಳಗೆ ಬೆಳಕು ಬೀಳಲೆಂದು ಹಾಕಿದಂಥವು. ದಿನದ ಪಾಲಿಗೆ ಸುಮಾರು ಮೂವತ್ತೈದು ಬರುತ್ತವೆ. ತಗಡು ಮನುಷ್ಯರ ಭಾರ ಹೊರುತ್ತದೆ, ಶೀಟು ಹೊರುವುದಿಲ್ಲ. ಧೂಳು ಮೆತ್ತಿದರೆ ಯಾವುದು ಯಾವುದೆಂದು ದೇವರಿಗೂ ತಿಳಿಯದು.

"ಪ್ಯಾನೆಲ್ ಕೊಳೆ ಆದ್ರೆ ಕರೆಂಟು ಹೋಗುತ್ತೆ. ಇದು ಕೊಳೆ ಆದ್ರೆ ಮನುಷ್ಯ ಹೋಗ್ತಾನೆ" ಎನ್ನುತ್ತಾ ಅವರು ಬ್ರಷ್ಷು ಚಾಚುತ್ತಾರೆ. ನಿಲ್ಲುವುದು ಮಾತ್ರ ಸ್ಕ್ರೂಗಳ ಸಾಲಿನ ಮೇಲೆಯೇ. ಅದರ ಅಡಿಯಲ್ಲಿ ಉಕ್ಕಿನ ತೊಲೆ ಇರುತ್ತದೆ.

ಈ ಪಾಠವನ್ನು ಅವರಿಗೆ ಕಲಿಸಿದ್ದು ಅವರದೇ ಬಲಗಾಲು. ಆರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಅದು ಧೂಳಿನ ಶೀಟಿನೊಳಗೆ ತೊಡೆಯವರೆಗೂ ಇಳಿಯಿತು. ಹಗ್ಗ ಹಿಡಿದುಕೊಂಡಿತು. ಮೂವತ್ತೈದು ಅಡಿ ಕೆಳಗೆ ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದ ಹೆಂಗಸು ಇಂದಿಗೂ ಆ ಕತೆ ಹೇಳಿ ದಣಿದಿಲ್ಲ.

"ಮೊದಲು ಬೂಟು ಬಂತು, ನೆಟ್ಟಗೆ ನನ್ನ ಡಬ್ಬದೊಳಗೆ! ಇನ್ನೊಂದು ನಿಮಿಷ ತಡ ಆಗಿದ್ರೆ ಟೇಪು ಹಾಕಿ ಯಾರ ಮನೆಗೋ ಕಳಿಸಿಬಿಡ್ತಿದ್ದೆ. ತಲೆ ಎತ್ತಿ ನೋಡಿದ್ರೆ ಸೂರಿಂದ ಕಾಲು ನೇತಾಡ್ತಿದೆ. ಕಾಲು, ಕಾಲು ಅಂತ ಕೂಗಿದೆ. ಪಕ್ಕದವಳು, ನಿನ್ನ ಕಾಲಿಗೇನಾಯ್ತೇ ಅಂತಾಳೆ!"

ಆಮೇಲೆ ಆ ಬೂಟು ಹಿಡಿದು ಗೇಟಿನ ಹತ್ತಿರ ಕಾದು ನಿಂತ ಆ ಟೇಪಿನ ಹೆಂಗಸೇ 'ಮೇಲಿನಕ್ಕ' ಎಂಬ ಹೆಸರಿಟ್ಟಿದ್ದು. ಈಗ ಗೋದಾಮಿಗೆಲ್ಲ ಅದೇ ಹೆಸರು. ಶೀಟು ತೊಳೆದ ದಿನ ಡಬ್ಬದ ಮೇಲಿನ ಸಣ್ಣ ಅಕ್ಷರಕ್ಕೆ ಕನ್ನಡಕ ಬೇಡ ಎಂದೂ ಆಕೆ ಹೇಳುತ್ತಾಳೆ.

ಮೇಲಿನಕ್ಕನಿಗೆ ನಲವತ್ತೇಳು. ಮನೆ ಎರಡು ಕೋಣೆಯದು, ಮುಂದಿನ ಕೋಣೆಯಲ್ಲಿ ಗಂಡನ ಇಸ್ತ್ರಿ ಮೇಜು. ಬಿಸಿ ಪೆಟ್ಟಿಗೆ ಉಜ್ಜುತ್ತಲೇ ಆತ ದೂರು ಒಪ್ಪಿಸುತ್ತಾನೆ: "ಕಂಪನಿಯ ಗಾಜೆಲ್ಲ ಫಳಫಳ ಅಂತಿದೆ. ನಮ್ಮನೆ ಒಂದೇ ಒಂದು ಕಿಟಕಿ, ಅದನ್ನ ಒರೆಸೋನು ನಾನು." ಆರು ವರ್ಷದಲ್ಲಿ ಹೆಂಡತಿಯ ಬೂಟಿನ ಲೇಸು ಹಳತಾಗಲು ಬಿಡದೆ ಬದಲಿಸುತ್ತಾ ಬಂದವನೂ ಈತನೇ. ಅದನ್ನು ಮಾತ್ರ ಆತ ಹೇಳುವುದಿಲ್ಲ, ಆಕೆ ಹೇಳುತ್ತಾರೆ.

ಮೂರು ವಾರದ ಹಿಂದೆ ಹೊಸ ಸೂಪರ್‌ವೈಸರ್ ಬಂದರು. ಕೆಲಸದ ಕರಾರು ಕಾಗದದಲ್ಲಿ ಪ್ಯಾನೆಲ್ ಎಂದಿದೆ, ಶೀಟು ಎಂದಿಲ್ಲ. ಶೀಟಿಗೆ ನಲವತ್ತು ನಿಮಿಷ ಹೋಗುತ್ತದೆ. ಅದನ್ನು ಬಿಟ್ಟು ದಿನಕ್ಕೆ ಎಂಟುನೂರು ಪ್ಯಾನೆಲ್ ತೊಳೆಯಬೇಕು, ಇಲ್ಲದಿದ್ದರೆ ಮುಂದಿನ ತಿಂಗಳಿಂದ ಬೇರೆ ತಂಡ ಎಂದರು. ನಾಲ್ಕು ಮನೆಗಳ ಅನ್ನದ ಮಾತು. ಉಳಿದ ಮೂವರೂ "ಬಿಟ್ಟುಬಿಡೋಣ ಅಕ್ಕ, ನೋಡ್ಕೊಂಡು ನಡೆದ್ರಾಯ್ತು" ಎಂದರು. ಅಕ್ಕ ಬಿಡಲಿಲ್ಲ.

"ಬೆಲ್ಟು ಇದೆ, ಹಗ್ಗ ಇದೆ. ಮತ್ತೆ ಯಾಕಮ್ಮ ಹೆದರಿಕೆ?" ಎಂದು ಸೂಪರ್‌ವೈಸರ್ ಕೇಳಿದಾಗ ಅಕ್ಕನ ಉತ್ತರ ಇಷ್ಟು: "ಹಗ್ಗ ಬಿದ್ದ ಮೇಲೆ ಹಿಡಿಯುತ್ತೆ ಸಾರ್. ನಾನು ಕೇಳ್ತಿರೋದು ಬೀಳದ ಹಾಗೆ. ಒಂದು ಸಲ ಮೇಲೆ ಬಂದು ನೋಡಿ. ನಾನು ಬ್ರಷ್ಷು ಮುಟ್ಟೋಕೆ ಮುಂಚೆ ಬನ್ನಿ."

ಕಳೆದ ಸೋಮವಾರ ಅವರು ಬಂದರು. ಏದುಸಿರು ಬಿಡುತ್ತಾ ನಿಂತವರಿಗೆ ಮೇಲಿನಕ್ಕ ತಾವೇ ಬೆಲ್ಟು ಬಿಗಿದರು.

"ಇಲ್ಲಿಂದ ಆ ಸಾಲಿಗೆ ಹೋಗ್ಬೇಕು ಅಂದ್ರೆ ಮೊದಲ ಹೆಜ್ಜೆ ಎಲ್ಲಿಡ್ತೀರಾ? ಕಾಲಿಡಬೇಡಿ, ಬೆರಳು ತೋರ್ಸಿ ಸಾಕು."

ಸೂಪರ್‌ವೈಸರ್ ತೋರಿಸಿದರು. ಮೇಲಿನಕ್ಕ ನಿಂತಲ್ಲಿಂದಲೇ ಕೋಲು ಚಾಚಿ ಆ ಜಾಗವನ್ನು ಒಂದೇ ಸಲ ಉಜ್ಜಿದರು. ಬೂದು ಧೂಳಿನ ಅಡಿಯಿಂದ ಹಾಲುಬಣ್ಣ ಕಂಡಿತು.

ಸೂಪರ್‌ವೈಸರ್ ಬೆಲ್ಟು ಬಿಚ್ಚಿಕೊಟ್ಟು ಇಳಿದುಹೋದರು. ಎರಡು ದಿನ ಸುದ್ದಿಯಿಲ್ಲ. ಆ ಎರಡು ದಿನವೂ ಮೇಲಿನಕ್ಕನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬುಧವಾರ ಏಣಿಯ ಬುಡದಲ್ಲಿ ಸೂಪರ್‌ವೈಸರ್ ಹೊಸ ಕಾಗದ ಹಿಡಿದು ನಿಂತಿದ್ದರು. ಪ್ಯಾನೆಲ್ ಏಳುನೂರು, ಅದರ ಮೇಲೆ, ಮೊದಲ ಸಾಲಿನಲ್ಲೇ, 'ಬೆಳಕಿನ ಶೀಟು'. ತಂಡ ಅದೇ.

"ಕಂಪನಿಯೋರಿಗೆ ನಾನು ಹೇಳ್ಕೋತೀನಿ. ನಿದ್ದೇನೇ ಬರಲ್ಲಮ್ಮ, ಕಣ್ಣು ಮುಚ್ಚಿದ್ರೆ ಸಾಕು, ನನ್ನ ಬೆರಳೇ ಕಾಣುತ್ತೆ" ಎಂದರಂತೆ.

ಎಂಟೂ ಇಪ್ಪತ್ತು. ನೀರಿನ ಪೈಪು ಸುತ್ತಿಟ್ಟು ನಾಲ್ವರೂ ಟ್ಯಾಂಕಿನ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದಾರೆ. ಅಂಗಳದಾಚೆ ಇನ್ನೊಂದು ಗೋದಾಮು. ಅದರ ಛಾವಣಿಯೂ ಪ್ಯಾನೆಲ್ ಹೊದ್ದಿದೆ. ಅಲ್ಲಿ ಬೇರೆ ತಂಡದ ಇಬ್ಬರು ಗಂಡಸರು ತಗಡು, ಶೀಟು ಎಲ್ಲ ಧೂಳಿಗೆ ಒಂದೇ ಬೂದು ಆಗಿರುವ ಸೂರಿನ ಮೇಲೆ ಸರಸರ ನಡೆದಾಡುತ್ತಿದ್ದಾರೆ. ಮೇಲಿನಕ್ಕನ ಲೋಟ ಬಾಯಿಯ ಹತ್ತಿರವೇ ನಿಂತಿದೆ.

"ಒಂದೇ ಒಂದು ಬೆಳಗ್ಗೆ ನಮ್ಮನ್ನ ಆ ಸೂರಿಗೆ ಬಿಡಲಿ. ಶೀಟಷ್ಟೇ ತೊಳೆದು ಬರ್ತೀವಿ, ಪ್ಯಾನೆಲ್ ಅವರೇ ತೊಳ್ಕೊಳ್ಳಲಿ. ಯಾರೂ ಬಂದು ಥ್ಯಾಂಕ್ಸ್ ಹೇಳೋದು ಬೇಡ. ಅವರವರ ಮನೆಗೆ ಅವರವರು ನಡ್ಕೊಂಡು ಹೋದ್ರೆ ಸಾಕು."