ಜಲಜ ಹುಗಿದ ಕಂಬ, ಕಂಪನಿಯ ಬೋರ್ಡು

"ಹ್ವಾಯ್, ನಿಮ್ ಕಂಪ್ನಿ ಜೆಟ್ಟಿ ಅಂಬ್ರಾ ಇದ್? ಈ ಅಡ್ಕಿ ಕಂಬ ಹುಗ್ದದ್ ನಾನ್! ನಾಚ್ಕಿ ಆತಿಲ್ಯಾ ನಿಮ್ಗೆ?"

"ಸಣ್ಣಕ್ ಮಾತಾಡಿ ಜಲಜಕ್ಕ, ಹೊಳಿಯೆಲ್ಲ ಕೇಂತ್."

"ಕೇಣ್ಲಿ! ಮೀನಿಗೂ ಗೊತ್ತಾಯ್ಲಿ!"

ಬಿಸಿಲು ಇನ್ನೂ ತೆಂಗಿನ ತಲೆ ಮುಟ್ಟಿಲ್ಲ. ಬೈಂದೂರು ಕಡೆಯ ಒಂದು ಅಳಿವೆಯಲ್ಲಿ ಸೊಂಟಮಟ್ಟ ನೀರಲ್ಲಿ ನಿಂತ ಜಲಜ ಒಂದು ಕೈಯಲ್ಲಿ ಪಚ್ಚಿಲೆ ಎಂಬ ತಿನ್ನುವ ಚಿಪ್ಪು ಬೆಳೆಸುವ ಹಗ್ಗ ಕುಲುಕುತ್ತ, ಇನ್ನೊಂದನ್ನು ದೋಣಿಯಲ್ಲಿರುವ ಭೋಜರಾಜನ ಮೂಗಿನ ಮುಂದೆ ಆಡಿಸುತ್ತಿದ್ದಾರೆ. ಸಾಸ್ತಾನದ ಈ ಭೋಜರಾಜ ಒಂದು ವಿದೇಶಿ ಕಂಪನಿಯ ಏಜೆಂಟ್. ಅದೇ ದೋಣಿಯಲ್ಲಿ ಹುಟ್ಟು ಹಿಡಿದ ಜಲಜರ ಗಂಡ ಕರಿಯ ನಗು ತಡೆಯಲಾರದೆ ಬೆನ್ನು ಹಾಕಿ ಕುಳಿತಿದ್ದಾರೆ.

ಇಲ್ಲಿ ಜೆಟ್ಟಿ ಕಟ್ಟಲು ಕಂಪನಿ ಒಪ್ಪಿಗೆ ಪಡೆದಿತ್ತು. ಕೆಲಸ ಶುರುವಾಗಲಿಲ್ಲವೆಂದು ಸರ್ಕಾರ ಅದನ್ನು ರದ್ದು ಮಾಡಿತು. ಕಂಪನಿ ಎರಡು ದೇಶಗಳ ಹೂಡಿಕೆ ಒಪ್ಪಂದ ಹಿಡಿದು ಹೊರದೇಶದಲ್ಲಿ ಮೂವರು ಪಂಚರ ಮುಂದೆ ದೂರು ಕೊಟ್ಟು, ಪರಿಹಾರದ ತೀರ್ಪು ಗೆದ್ದಿತು. ಈಗ ಆ ತೀರ್ಪನ್ನು ವಜಾ ಮಾಡಿ ಎಂದು ಸರ್ಕಾರ ಅಲ್ಲಿನ ಕೋರ್ಟಿಗೆ ಹೋಗಿದೆ. ವಾದ ಸರಳ: ನಿಜವಾಗಿ ಬಂಡವಾಳ ಹೂಡಿದವರಿಗಷ್ಟೇ ಒಪ್ಪಂದದ ರಕ್ಷೆ, ಏನೂ ಕಟ್ಟದವರ ದೂರು ಕೇಳಲು ಪಂಚರಿಗೆ ಅಧಿಕಾರವೇ ಇರಲಿಲ್ಲ. ಕಂಪನಿಯ ದೊಡ್ಡ ಸಾಕ್ಷಿಯೆಂದರೆ ಒಂದು ಫೋಟೊ. ನೀರಲ್ಲಿ ಕಂಬಗಳ ಸಾಲು, ಮೇಲೆ ಕಂಪನಿಯ ಬೋರ್ಡು.

ಕಂಬ ಜಲಜರದ್ದು. ಬೋರ್ಡು ಕಟ್ಟಲು ಬಿಟ್ಟವರೂ ಅವರೇ! "ತಗಡ್ ಗಾಳಿಗೆ ಪಟಪಟ ಅಂದ್ರೆ ಹಕ್ಕಿ ಹತ್ರ ಬತ್ತಿಲ್ಲೆ, ಮರಿಚಿಪ್ಪ್ ಉಳಿತ್ ಅಂದ್ಕಂಡೆ. ಹಕ್ಕಿ ಓಡ್ಸೂಕೆ ಹೋಯಿ ಹದ್ದ್ ಕರ್ದಾಂಗಾಯ್ತ್."

ದಿನಾ ಇಳಿತದ ನೀರಿಗೆ ಅವರ ಕೆಲಸ. ಮರಿಚಿಪ್ಪನ್ನು ಹಳೇ ಸೀರೆತುಂಡಲ್ಲಿ ಹಗ್ಗಕ್ಕೆ ಸುತ್ತಿ ಕಂಬಕ್ಕೆ ಇಳಿಬಿಡಬೇಕು. ಬಟ್ಟೆ ಕೊಳೆಯುವಷ್ಟರಲ್ಲಿ ಚಿಪ್ಪು ಹಗ್ಗ ಕಚ್ಚಿಕೊಳ್ಳುತ್ತದೆ. ಒಂದು ವರ್ಷ ಅಕಾಲದ ಮಳೆನೀರು ನುಗ್ಗಿ ಉಪ್ಪು ತೆಳುವಾಗಿ ಚಿಪ್ಪುಗಳು ಪೂರಾ ಸತ್ತವು. "ಅಳೂಕೆ ಪುರ್ಸೊತ್ತ್ ಎಲ್ಲಿತ್ತ್? ಹಗ್ಗ ತೊಳುದಿತ್ತಲೆ."

ತೀರ್ಪು ಉಳಿದರೆ ಪರಿಹಾರದ ಬದಲು ಈ ಅಳಿವೆಯನ್ನೇ ಕಂಪನಿಗೆ ಬಿಟ್ಟು ರಾಜಿಯಾಗುವ ಮಾತಿದೆ. ಆಗ ಈ ಹಗ್ಗ, ಕಂಬ, ಸಂಸಾರ ಎಲ್ಲ ಗುಡಿಸಿಹೋಗುತ್ತದೆ. ಅದಕ್ಕೇ ಫೋಟೊದ ಕಂಬ ತನ್ನದೆಂದು ಜಲಜ ಸರ್ಕಾರದ ವಕೀಲರಿಗೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದಾರೆ. ಅದನ್ನು ಹಿಂತೆಗೆಸಲು ಭೋಜರಾಜ ಬಂದಿದ್ದಾನೆ. ಬೇರೆಯವರ ಬೆವರಿಗೆ ತಗಡು ಬಡಿದು 'ನಮ್ಮದು' ಎನ್ನುವ ಭಂಡತನಕ್ಕೂ ಒಂದು ಮಿತಿ ಬೇಡವೇ?

"ನೆನಪಿಲ್ಲೆ ಅನ್ನಿ, ಸಾಕ್. ಜೆಟ್ಟಿ ಆರೆ ಕ್ಯಾಂಟೀನ್ ನಿಮ್ಗೇ."

ಚಿಪ್ಪು ಸೀಳಿದ ಅಂಗೈಗಳನ್ನು ಜಲಜ ಅವನ ಕಣ್ಣೆದುರು ಬಿಡಿಸುತ್ತಾರೆ. "ಈ ಗೀರ್ ಕಾಣಿ. ಇದ್ನೂ ನಿಮ್ ಕಂಪ್ನಿಯೇ ಹಾಕಿದ್ದಾ? ಕೋರ್ಟ್ ಎಂತ ಬೇಕಾರೂ ಹೇಳ್ಲಿ. ಜಲಜ ಹುಗ್ದ ಕಂಬ ಜಲಜಂದೇ ಅಂತ ಒಂದ್ ಗೆರಿ ಬರೀಲಿ, ನಂಗಷ್ಟೇ ಸಾಕ್."

ಭೋಜರಾಜ ದೋಣಿಯಿಂದ ನೀರಿಗೆ ಧುಮುಕಿ ದಡದತ್ತ ನಡೆಯುತ್ತಾನೆ. ಒಂದು ಚಪ್ಪಲಿ ದಡದ ಕೆಸರಲ್ಲಿ ಹೂತು ಅಲ್ಲೇ ಉಳಿಯುತ್ತದೆ.

"ಹ್ವಾಯ್, ಚಪ್ಲಿ ಬ್ಯಾಡ್ದಾ?" ಕರಿಯ ಕೂಗುತ್ತಾರೆ.

ಅವನು ತಿರುಗಿ ನೋಡುವುದಿಲ್ಲ. ಮತ್ತೆ ಆ ಕಡೆ ಬಂದದ್ದೂ ಇಲ್ಲ.